ಕುಮಾರಿ ವಿಭಾಳ ಹೆಸರಿಗೆ ಬಂದ ಕವರು

ನವೆಂಬರ್ ೧೨, ಬುಧವಾರ

ಶ್ರೀಕಂಠಯ್ಯನ ಕಾಟ ಇವತ್ತೂ ತಪ್ಪಲಿಲ್ಲ. ಶುಕ್ರವಾರ ಮಾಟುಂಗದ ನಮ್ಮ ಸಂಘದಲ್ಲಿ ಮಕ್ಕಳ ದಿನಾಚರಣೆಗೆ ಅಂಚೆಚೀಟಿ ಪ್ರದರ್ಶನ, ನಡೆಸುವವನು ಅವನೇ. ಮಕ್ಕಳ ಹಕ್ಕುಗಳ ಸ್ಟಾಂಪು ಅಂಟಿಸಿದ ನನ್ನ ಹಳೆಯ ಕವರು ಅವನಿಗೆ ಬೇಕು, ಅದರ ಮೇಲಿನ ವಿಳಾಸ ಮಾತ್ರ ಬೇಡವಂತೆ.

"ಬರೆದಿರೋ ಕವರು ಲುಕ್ ಕೊಡಲ್ಲ ರಾಯರೇ, ಮೇಲೊಂದು ಬಿಳಿ ಲೇಬಲ್ ಹಚ್ಚಿಬಿಡೋಣ."

ಹೆಂಡತಿ ಸುಮಿತ್ರಾ ತೀರಿಕೊಂಡು ಆರು ವರ್ಷ; ಅವಳ ಕೈಬರಹದ ಮೇಲೆ ಲೇಬಲ್ಲಂತೆ! "ಐ ಬೆಗ್ ಟು" ಎಂದು ಜೋರಾಗಿ ಶುರುಮಾಡಿದೆ. ಒಪ್ಪುವುದಿಲ್ಲ ಎನ್ನಲು ಕಾಲೇಜಿನಲ್ಲಿ ಕಲಿತ ಆ ಇಂಗ್ಲಿಷ್ ಮಾತಿನ ಮುಂದಿನ ಪದ ಬಾಯಿಗೆ ಬರಲೇ ಇಲ್ಲ.

ಸಿಟ್ಟಿನಲ್ಲೇ ಪರೇಲ್‌ನಲ್ಲಿರುವ ಮಗಳಿಗೆ ಫೋನ್ ಮಾಡಿದೆ. ವಿಭಾ ನಕ್ಕಳು. "ಅಪ್ಪಾ, ಅಮ್ಮ ನನ್ನ ಹೆಸರು ಬರೆದಾಗ ಕವರು ಹಾಳಾಯ್ತು ಅಂತ ನೀವೂ ಕೂಗಾಡಿದ್ರಲ್ಲ. ಫಸ್ಟ್ ಸ್ಟ್ಯಾಂಡರ್ಡ್‌ನಲ್ಲಿ ನಂಗೆ ಬಂದ ಮೊದಲ ಕಾಗದ ಅದು. ಒಡೆಯೋಕೂ ಬಿಡಲಿಲ್ಲ."

ಬಿಡಲಿಲ್ಲ, ನಿಜ. ಒಡೆದರೆ ಬೆಲೆ ಹೋಗುತ್ತದೆ, ಒಳಗಿರುವುದು ಕವರು ಬಾಗದಿರಲು ಇಟ್ಟ ಬರೀ ರಟ್ಟಿನ ಚೂರು ಎಂದಿದ್ದೆ. ರಟ್ಟು ಅಂತ ನನಗೆ ಹೇಳಿದವರು ಯಾರು? ಸುಮಿತ್ರಾಳನ್ನು ಕೇಳಲೇ ಇಲ್ಲ. ಈಗ ಟ್ಯೂಬ್‌ಲೈಟಿಗೆ ಹಿಡಿದರೆ ಒಳಗೆ ಮಡಿಕೆ ಕಾಣುತ್ತದೆ. ರಟ್ಟನ್ನು ಯಾರಾದರೂ ನಾಲ್ಕಾಗಿ ಮಡಿಸುತ್ತಾರೆಯೇ?

ಮೂವತ್ತೈದು ವರ್ಷ ಮಗುವಿನ ಕಾಗದವನ್ನು ಬೀರುವಿನಲ್ಲಿ ಬೀಗ ಹಾಕಿಟ್ಟ ನಾನು ಶ್ರೀಕಂಠಯ್ಯನನ್ನು ಬೈಯುತ್ತಿದ್ದೇನೆ. ವಾಟ್ ಎ ಫೂಲ್.

ಪ್ರದರ್ಶನದಲ್ಲಿ ಶ್ರೀಕಂಠಯ್ಯನ ಫ್ರೇಮು ಖಾಲಿ ಇರಲಿ. ನಾಳೆ ಪರೇಲ್‌ಗೆ ಹೋಗಿ ಕವರನ್ನು ವಿಭಾಳ ಕೈಗೇ ಕೊಡುತ್ತೇನೆ. ಕತ್ತರಿ ಅವಳೇ ಹಾಕಲಿ. ಸ್ಟಾಂಪಿನ ಕಡೆ ಮಾತ್ರ ಬೇಡ, ಎಡ ಅಂಚಿನಲ್ಲಿ, ನಿಧಾನವಾಗಿ, ಅಂಚೆ ಮುದ್ರೆಗೆ ತಾಗದ ಹಾಗೆ... ಅಯ್ಯೋ, ನಾಳೆಯಾದರೂ ಬಾಯಿ ಮುಚ್ಚಿಕೊಂಡು ಕೂತಿರಬೇಕು.