ಮರಳಿನಲ್ಲಿ ಕಳೆ ಕಿತ್ತವರು

ಮೂರು ತೀರಗಳ ಮಂಡಳಿಯ ಅರವತ್ತೆರಡನೆಯ ವರ್ಷ,
ಹದಿಮೂರನೆಯ ತಿಂಗಳ ನಾಲ್ಕನೆಯ ದಿನ

ಮುತ್ತವ್ವ ಹುಲಿಗೆಮ್ಮನವರಿಗೆ ನಮಸ್ಕಾರ.

ಮೇಲಿನ ತಾರೀಖು ನೋಡಿ ತಲೆ ಕೆಡಿಸಿಕೊಳ್ಳಬೇಡಿ. ವರ್ಷಕ್ಕೆ ಹದಿಮೂರು ತಿಂಗಳು ಮಾಡಿದವರು ನಮ್ಮನ್ನು ಆಳುವ ಮಂಡಳಿಯವರು. ಅದರಿಂದ ಯಾರಿಗೆ ಏನು ಉಪಕಾರವಾಯಿತೋ ನಾನು ಕಾಣೆ. ನಿಮ್ಮ ಕ್ಯಾಲೆಂಡರಿನಲ್ಲಿ ಇದು ೨೧೮೭ನೆಯ ಇಸವಿಯ ಕೊನೆ. ನನ್ನ ಕನ್ನಡವನ್ನೂ ಕ್ಷಮಿಸಿ. ಆರು ತಲೆಮಾರು ಬಾಯಿಂದ ಬಾಯಿಗೆ ದಾಟಿ ಬಂದದ್ದು, ಅಲ್ಲಲ್ಲಿ ಸವೆದಿದೆ. ನಾನು ತೊಮೊಯೆ ಹುರಿಗೆ, ನಿಮ್ಮ ಮಗಳ ಮರಿಮಗಳ ಮೊಮ್ಮಗಳು. ಹುಲಿಗೆಮ್ಮ ಎಂಬ ಹೆಸರು ಇಲ್ಲಿಯವರ ನಾಲಗೆಯಲ್ಲಿ ಹುರಿಗೆಯಾಗಿ ನಮ್ಮ ಮನೆತನದ ಹೆಸರಾಯಿತು.

ನೀವು ಈಗ ಗಂಗಾವತಿಯಲ್ಲಿ, ಏಜೆಂಟನ ಕೋಣೆಯಲ್ಲಿ, ನರ್ಸಿಂಗ್ ಸರ್ಟಿಫಿಕೇಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೀರಿ. ಜಪಾನಿನ ಮುದುಕರ ಆರೈಕೆಗೆ ಹೋಗಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೀರಿ. ಕೈಯಲ್ಲಿ ಟೊಟ್ಟೋರಿ ಪ್ರಾಂತ್ಯದ ಪರಿಚಯ ಪುಸ್ತಿಕೆ ಇದೆ. ಆ ಪುಸ್ತಿಕೆ ನಮ್ಮ ಮನೆಯಲ್ಲಿ ಇನ್ನೂ ಇದೆ. ಅದರ ಮೂಲೆಯಲ್ಲಿ ನಿಮ್ಮ ಚಹಾ ಕಪ್ಪಿನ ಕಲೆಯೂ ಇದೆ. ಅದರಲ್ಲಿ ಸುಳ್ಳೇನೂ ಇಲ್ಲ. ಇಡೀ ಜಪಾನಿನಲ್ಲಿ ಅತಿ ಕಡಿಮೆ ಜನರಿರುವ ಪ್ರಾಂತ್ಯ, ನಿಜ. ಉತ್ತರಕ್ಕೆ ಸಮುದ್ರ, ಪಶ್ಚಿಮಕ್ಕೆ ದೈಸೆನ್ ಬೆಟ್ಟ, ಚಳಿಗಾಲಕ್ಕೆ ಹಿಮ ಮತ್ತು ಏಡಿ, ಬೇಸಿಗೆ ಮುಗಿಯುವ ಹೊತ್ತಿಗೆ ಕಚ್ಚಿದರೆ ನೀರು ಸುರಿಯುವ ಪಿಯರ್ ಹಣ್ಣು. ಮರಳುಹೊಲಗಳಲ್ಲಿ ರಕ್ಕ್ಯೊ ಎಂಬ ಗಡ್ಡೆ ಬೆಳೆಯುತ್ತಾರೆ, ನಿಮ್ಮ ಸಣ್ಣ ಉಳ್ಳಾಗಡ್ಡಿಯ ಜಾತಿಯದು. ಅದು ಹೂ ಬಿಟ್ಟಾಗ ಹೊಲಕ್ಕೆ ಹೊಲವೇ ನೇರಳೆ. ಕೊನೆಯ ಪುಟದಲ್ಲಿ ಕಡಲ ದಂಡೆಯ ದೊಡ್ಡ ಮರಳುದಿಬ್ಬಗಳ ಚಿತ್ರವಿದೆ, ಒಂಟೆಯ ಮೇಲೆ ಕೂತು ನಗುವ ಪ್ರವಾಸಿಗಳಿದ್ದಾರೆ. ನೀವು ಬಹಳ ಹೊತ್ತು ನೋಡಿದ್ದು ಆ ಪುಟವನ್ನೇ ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ.

ಆ ಪುಸ್ತಿಕೆಯಲ್ಲಿ ಬರೆಯದ ಸಂಗತಿ ಒಂದಿದೆ. ಹಿಂದಿನವರು ಮರಳು ಹಾರದಿರಲೆಂದು ದಿಬ್ಬಗಳ ಸುತ್ತ ಪೈನ್ ಮರ ನೆಟ್ಟರು. ಗಾಳಿ ತಗ್ಗಿತು, ಮರಳು ನಿಂತಿತು, ನಿಂತ ಮರಳಿನಲ್ಲಿ ಹುಲ್ಲು ಹುಟ್ಟಿತು. ಹುಲ್ಲು ಹಬ್ಬಿದರೆ ಚಿತ್ರದಲ್ಲಿರುವ ಮರಳುಗಾಡು ಎಲ್ಲಿ ಉಳಿಯುತ್ತದೆ? ಆದ್ದರಿಂದ ಬೇಸಿಗೆಯ ಬೆಳಗುಗಳಲ್ಲಿ ಊರವರು ಬಂದು ಮರಳಿನಲ್ಲಿ ಕಳೆ ಕೀಳುತ್ತಾರೆ. ನೀವು ಬಂದ ಮೊದಲ ಬೇಸಿಗೆಯಲ್ಲಿ, ನೀವು ನೋಡಿಕೊಳ್ಳುವ ಮುದುಕರೇ ನಿಮ್ಮನ್ನೂ ಕರೆದುಕೊಂಡು ಹೋಗುತ್ತಾರೆ. ಅವರು ಎರಡು ಬೆರಳಲ್ಲಿ ಹುಲ್ಲಿನ ತುದಿ ಹಿಡಿದು ಚಿವುಟುತ್ತಾರೆ, ನಗುತ್ತಾರೆ, ತಣ್ಣಗಿನ ಬಾರ್ಲಿ ಚಹಾ ಕುಡಿಯುತ್ತಾರೆ. ಕಾರಟಗಿಯ ಭತ್ತದ ಗದ್ದೆಗಳಲ್ಲಿ ಅವ್ವನ ಜೊತೆ ಕಳೆ ತೆಗೆದು ಬೆಳೆದ ನಿಮಗೆ ಅದನ್ನು ನೋಡಿ ತಡೆದುಕೊಳ್ಳಲು ಆಗುವುದಿಲ್ಲ.

“ಮ್ಯಾಲ ಹರದ್ರ ಏನ್ ಬಂತು? ಬುಡಕ್ಕ ಕೈ ಹಾಕ್ರಿ. ಇಲ್ಲಾಂದ್ರ ನಾಳಿಗೆ ಮತ್ತ ಬರತೈತಿ” ಎನ್ನುತ್ತೀರಿ. ಮಾತು ಅವರಿಗೆ ತಿಳಿಯುವುದಿಲ್ಲ, ಬೇರುಸಮೇತ ಕಿತ್ತು ತೋರಿಸಿದ ಕೈ ತಿಳಿಯುತ್ತದೆ.

ಆ ಮಾತನ್ನು ಇಲ್ಲಿಯವರು ಬಾಯಿಪಾಠ ಮಾಡಿಕೊಂಡರು. ನನ್ನ ಚಿಕ್ಕಂದಿನಲ್ಲಿ ಸಾಲಾಗಿ ಕೂತ ಹೆಂಗಸರು ಅರ್ಥ ತಿಳಿಯದೆ “ಬುಡಕ್ಕ ಕೈ ಹಾಕ್ರಿ” ಎಂದು ರಾಗವಾಗಿ ಹಾಡುತ್ತಿದ್ದರು. ಕಳೆ ಕೀಳುವವರ ಮುಂದಾಳಿಗೆ ‘ಬುಡಗೈ’ ಎಂಬ ಪದವಿಯೇ ಹುಟ್ಟಿಕೊಂಡಿತು. ಅದು ಹುರಿಗೆ ಮನೆಯ ಹೆಣ್ಣುಮಕ್ಕಳಿಗೇ ಮೀಸಲು. ಪರದೇಶದಿಂದ ಬಂದವಳ ಮನೆಗೆ ಅಂಥ ಮರ್ಯಾದೆ ಸಿಕ್ಕಿದ್ದಕ್ಕೆ ನಾವು ಎಷ್ಟು ಬೀಗಿದೆವು ಎಂದರೆ, ಬೀಗುವುದನ್ನು ಬಿಟ್ಟು ಬೇರೆ ಯೋಚನೆಯೇ ನಮಗೆ ಬರಲಿಲ್ಲ.

ಆಮೇಲೆ ಪೈನ್ ಮರಗಳಿಗೆ ರೋಗ ಬಂತು. ಅವನ್ನು ನೋಡಿಕೊಳ್ಳುತ್ತಿದ್ದ ಮುದುಕರು ಒಬ್ಬೊಬ್ಬರಾಗಿ ತೀರಿಹೋದರು. ಪ್ರವಾಸಿಗಳು ಬರುವುದು ನಿಂತಿತು, ಒಂಟೆಗಳೂ ಹೋದವು. ಕಳೆ ಕೀಳುವುದು ಮಾತ್ರ ನಿಲ್ಲಲಿಲ್ಲ. ನನ್ನ ಅಜ್ಜಿಯ ಕಾಲಕ್ಕೆ, ಮರಗಳ ತಡೆ ಹೋಗಿ ಮತ್ತೆ ಹಾರತೊಡಗಿದ ಮರಳು ರಕ್ಕ್ಯೊ ಹೊಲಗಳನ್ನು ನುಂಗಿತ್ತು. ಅದನ್ನು ಹಿಡಿದು ನಿಲ್ಲಿಸುವುದು ಹುಲ್ಲಿನ ಬೇರು ಒಂದೇ ಎಂದು ಊರಿನಲ್ಲಿ ತಿಳಿಯದವರಿರಲಿಲ್ಲ. ಆದರೂ ಬೆಳಗ್ಗೆ ಐದಕ್ಕೆ ಎಲ್ಲರೂ ಹಾಜರ್. ಮೊದಲು ಕೈಬಿಟ್ಟವರು ಎನ್ನಿಸಿಕೊಳ್ಳಲು ಒಬ್ಬರೂ ತಯಾರಿರಲಿಲ್ಲ. ಬುಡಗೈ ಸಾಕು ಎಂದಿದ್ದರೆ ಎಲ್ಲರೂ ನಿಲ್ಲಿಸುತ್ತಿದ್ದರು. ಅಜ್ಜಿ ಅನ್ನಲಿಲ್ಲ, ಅವ್ವನೂ ಅನ್ನಲಿಲ್ಲ. ಈಗ ಊರವರು ನಮ್ಮ ಮನೆಯ ಮುಂದೆ ಹಾದುಹೋಗುವಾಗ ಮುಖ ತಿರುಗಿಸುತ್ತಾರೆ. ನಾನು ಅವರನ್ನು ದೂರುವುದಿಲ್ಲ, ಅವರ ಜೊತೆ ಮಾತನ್ನೂ ಆಡುವುದಿಲ್ಲ.

ಇನ್ನು ಈಗಿನ ಪರಿಚಯ ಕೇಳಿ, ಪುಸ್ತಿಕೆಯ ಪಕ್ಕದಲ್ಲಿಟ್ಟು ಓದಿ. ಪ್ರಾಂತ್ಯದ ಪೂರ್ವದಲ್ಲಿ ಹನ್ನೊಂದು ಜನ ಉಳಿದಿದ್ದೇವೆ. ಮನೆಯೊಳಗೆ ಹೋಗುವುದು ಮಹಡಿಯ ಕಿಟಕಿಯಿಂದ. ಕೆಳಗಿನ ಬಾಗಿಲನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ನಮ್ಮ ಕೊನೆಯ ಪಿಯರ್ ಮರ ಕುತ್ತಿಗೆಯವರೆಗೆ ಹೂತಿದೆ, ಹಣ್ಣನ್ನು ನೆಲದ ಮೇಲೆ ಕೂತೇ ಕೀಳುತ್ತೇವೆ. ಊಟಕ್ಕೆ ಮುಂಚೆ ‘ಜಾಡಿಸುವ ಹೊತ್ತು’ ಎಂದು ಒಂದಿದೆ: ಬಟ್ಟೆ, ಹಾಸಿಗೆ, ತಟ್ಟೆ, ತಲೆ ಎಲ್ಲವನ್ನೂ ಜಾಡಿಸಿ ಆಮೇಲೆ ತಿನ್ನುತ್ತೇವೆ, ಆದರೂ ಅನ್ನ ಕರಕರ ಎನ್ನುತ್ತದೆ. ನಮ್ಮ ಹಲ್ಲುಗಳು ಸವೆದು ಮೊಂಡಾಗಿವೆ. ಒಸಾಕಾದ ಜನ ನಾವು ಬಾಯಿ ತೆರೆಯುವುದನ್ನೇ ಕಾದು, ಓ ಆ ಕಡೆಯವರಾ ಎನ್ನುತ್ತಾರೆ.

ನಾಳೆ ಪ್ರಾಂತ್ಯ ಮುಚ್ಚುತ್ತದೆ. ನಮ್ಮನ್ನು ದಕ್ಷಿಣಕ್ಕೆ ಸಾಗಿಸುತ್ತಾರೆ. ಹೊರಡುವ ಪ್ರತಿಯೊಬ್ಬರಿಗೂ ಮಂಡಳಿ ಒಂದು ‘ಹಿಂದಂಚೆ’ ಕೊಟ್ಟಿದೆ: ಕಳೆದ ಕಾಲದ ಯಾರಿಗಾದರೂ ಒಂದೇ ಒಂದು ಪತ್ರ. ತಲುಪುತ್ತದೆಯೋ ಇಲ್ಲವೋ ಹೇಳುವವರಿಲ್ಲ. ಪಕ್ಕದ ಮನೆಯ ಮುದುಕ ಕಿಯೋಹಾರು ತನ್ನದನ್ನು ಸತ್ತ ಹೆಂಡತಿಗೆ ಬರೆದ. ನಾನು ನನ್ನ ಅವ್ವ ಹರುಯೊಗೆ ಬರೆಯಬೇಕೆಂದಿದ್ದೆ.

ಅವ್ವ ಹೋದ ಚಳಿಗಾಲ ತೀರಿಕೊಂಡಳು, ಎದೆಯ ತುಂಬ ಮರಳು ತುಂಬಿಕೊಂಡು. ಅವಳ ಸಮಾಧಿ ದಿಬ್ಬದ ಇಳಿಜಾರಿನಲ್ಲಿದೆ. ವಾರಕ್ಕೊಮ್ಮೆ ಹೋಗಿ ಮರಳು ತೋಡಿ ಕಲ್ಲನ್ನು ಹೊರಗೆ ತೆಗೆಯುತ್ತಿದ್ದೆ. ನಾಳೆಯಿಂದ ತೋಡುವವರಿಲ್ಲ. ಈ ಬೆಳಗ್ಗೆ ಕೊನೆಯ ಸಲವೆಂದು ಹೋದೆ. ಕಲ್ಲಿನ ಬುಡದಲ್ಲಿ ಹುಲ್ಲು ಹುಟ್ಟಿತ್ತು, ಒಂದೇ ಗಿಡ, ನಾಲ್ಕು ಎಸಳು. ಸುತ್ತ ಅಂಗೈಯಗಲ ಮರಳು ಅದರ ಬೇರಿಗೆ ಕಚ್ಚಿಕೊಂಡು ಅಲ್ಲಾಡದೆ ನಿಂತಿತ್ತು. ಬಿಟ್ಟಿದ್ದರೆ ಹಬ್ಬುತ್ತಿತ್ತು, ಕಲ್ಲಿನಲ್ಲಿ ಕೊರೆದ ಅವ್ವನ ಹೆಸರು ನಾಲ್ಕು ಕಾಲ ಮರಳಿನ ಮೇಲೆ ಉಳಿಯುತ್ತಿತ್ತು. ನಾನು ಅದನ್ನು ನೋಡಿ ಸಂತೋಷಪಟ್ಟೆ. ಸಂತೋಷಪಡುತ್ತಿರುವಾಗಲೇ ನನ್ನ ಕೈ ಬುಡಕ್ಕೆ ಹೋಗಿ ಎಳೆದುಬಿಟ್ಟಿತು. ಒಂದು ಬೇರೂ ತುಂಡಾಗದೆ ಇಡಿಯಾಗಿ ಬಂತು. ಮತ್ತೆ ನೆಟ್ಟು ನೀರು ಹಾಕಿದೆ. ಮಧ್ಯಾಹ್ನದೊಳಗೆ ಬಾಡಿತು. ಆದ್ದರಿಂದ ಪತ್ರ ನಿಮಗೆ ಬರೆಯುತ್ತಿದ್ದೇನೆ.

ಬರಬೇಡಿ ಎನ್ನಲಾರೆ, ಹುಟ್ಟದೇ ಇರುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಬನ್ನಿ, ಮುದುಕರನ್ನು ನೋಡಿಕೊಳ್ಳಿ, ಹಣ್ಣು ತಿನ್ನಿ. ಆ ಮೊದಲ ಬೆಳಗ್ಗೆ ಮಾತ್ರ ಎಲ್ಲರ ಹಾಗೆ ತುದಿ ಚಿವುಟಿ, ನಕ್ಕು, ಚಹಾ ಕುಡಿದು ಎದ್ದುಬನ್ನಿ. ಬೇರು ಮರಳಿನಲ್ಲೇ ಇರಲಿ. ಒಂದೇ ಒಂದು ಸಲ ಕೆಲಸಗೇಡಿ ಎನ್ನಿಸಿಕೊಳ್ಳಿ, ಮುತ್ತವ್ವ. ನಿಮ್ಮ ಕಾಲು ಹಿಡಿದು ಕೇಳುತ್ತೇನೆ.

ನಿಮ್ಮ ಕೈ ಒಪ್ಪುವುದಿಲ್ಲ ಎಂದು ಗೊತ್ತು. ಆ ಕೈಯೇ ನನಗೂ ಬಂದಿದೆ.

ತೊಮೊಯೆ