ಕೈಲಿ ಹಿಡಿದ ಗೆಜ್ಜೆ

ಶೆಟ್ಟಿಹಳ್ಳಿ, ತುಮಕೂರು

ಅಮ್ಮಾ,

ಫೋನ್ ಯಾವಾಗಲೂ ಇವರ ಕೈಲೇ ಇರುತ್ತೆ, ಅದಕ್ಕೇ ಕಾಗದ ಬರೀತಿದೀನಿ.

ಮೊನ್ನೆ ಧೃತಿ ‘ಸ್ನೀಕ್’ ಅಂದ್ರೇನು ಅಂತ ಕೇಳಿದಳು. ಯಾರಿಗೂ ಗೊತ್ತಾಗದ ಹಾಗೆ ಕಳ್ಳಹೆಜ್ಜೆ ಇಟ್ಟು ನಡೆಯೋದು ಅಂದೆ. ಕ್ಲಾಸಲ್ಲಿ ಮಿಸ್ ಆ ಪದ ಹಾಕಿ ಒಂದು ವಾಕ್ಯ ಹೇಳು ಅಂದ್ರಂತೆ. ‘ಅಪ್ಪ ಮನೇಲಿದ್ದಾಗ ಅಮ್ಮ ಸ್ನೀಕ್ ಮಾಡ್ತಾಳೆ’ ಅಂದಳಂತೆ. ವೆರಿ ಗುಡ್ ಅಂದ್ರಂತೆ. ಖುಷಿಯಾಗಿ ಬಂದು ಹೇಳಿದಳು. ನಾನು ಸಾರಿಗೆ ಒಗ್ಗರಣೆ ಹಾಕ್ತಾ ಹೂಂ ಅಂದೆ.

ನಿನ್ನೆ ಆಟ ಆಡಿ ಬಂದವಳು, ಬಾಗಿಲಲ್ಲಿ ಇವರ ಚಪ್ಪಲಿ ನೋಡಿ, ನೀನು ಕೊಡಿಸಿದ ಗೆಜ್ಜೆ ಬಿಚ್ಚಿ ಕೈಲಿ ಹಿಡ್ಕೊಂಡು ಒಳಗೆ ಬಂದಳು. ನಾನೇನೂ ಹೇಳಿಕೊಟ್ಟಿರಲಿಲ್ಲ.

ಭಾನುವಾರ ಇಬ್ಬರೂ ಅಮೃತೂರಿಗೆ ಬಂದ್ಬಿಡ್ತೀವಿ. ಅಲ್ಲಿ ಸ್ಕೂಲಲ್ಲಿ ಅವಳಿಗೆ ಸೀಟು ಸಿಗುತ್ತಾ ಕೇಳಿಡು. ಅವತ್ತು ಇವರು ಮನೇಲೇ ಇರ್ತಾರೆ. ಆದರೂ ಅವಳ ಕಾಲಿಗೆ ಗೆಜ್ಜೆ ಹಾಕೇ ಕರ್ಕೊಂಡು ಬರ್ತೀನಿ.

ನಿನ್ನ ಮಗಳು,
ವಸುಧಾ