ಭಾರತಮ್ಮನ ಹಿತ್ತಲಿನ ಒಗೆಯೋ ಕಲ್ಲು

ಕೋಲಾರ
18 ನವೆಂಬರ್ 2024

ಗೆಳೆಯ ಸುಬ್ಬರಾಯಪ್ಪನಿಗೆ,

ನಮಸ್ಕಾರ ಕಣಯ್ಯ. ಮುಂದಿನ ಸುತ್ತಾಟ ಯಾವಾಗ ಎಂದು ಕೇಳಲು ನೀನು ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನಾನು ಎತ್ತಲಿಲ್ಲ, ಕ್ಷಮಿಸು. ಬಾಯಲ್ಲಿ ಹೇಳಲಾಗದೆ ಕಾಗದ ಹಿಡಿದಿದ್ದೇನೆ. ಬೈರಕೂರಿನಲ್ಲಿ ನಿನಗೆ ತೋಟದ ಕೆಲಸವಿರುತ್ತದೆ, ಬಿಡುವಾದಾಗ ಓದು. ನನ್ನ ಮಂಡಿ ನೋವು ಹಾಗೇ ಇದೆ. ಈಗೀಗ ಬಸ್ ನಿಲ್ದಾಣದವರೆಗೆ ನಡೆದರೂ ಸಾಕುಸಾಕಾಗುತ್ತದೆ.

ಎರಡು ವರ್ಷದಲ್ಲಿ ಈ ನಗರದ ಗಲ್ಲಿಗಳಲ್ಲಿ ನಾವಿಬ್ಬರು ನಲವತ್ತೊಂದು ಹಳೆಯ ಕಲ್ಲು ಹುಡುಕಿದೆವು. ಕ್ಷೌರದಂಗಡಿಯ ಮೆಟ್ಟಿಲು, ಮೋರಿಯ ಮುಚ್ಚಳ, ಟ್ರಾನ್ಸ್‌ಫಾರ್ಮರ್ ಪಕ್ಕ ಕಸದಲ್ಲಿ ಬಿದ್ದಿದ್ದ ಶಾಸನ. ನಲವತ್ತೆರಡನೆಯದರ ಸುದ್ದಿ ನಿನಗೆ ಗೊತ್ತಿಲ್ಲ.

ಈ ತಿಂಗಳ ಮೂರರಂದು, ಭಾನುವಾರ, ಹಳೇ ಪೇಟೆಯ ಓಣಿಯೊಂದರಲ್ಲಿ ಭಾರತಮ್ಮ ಎಂಬಾಕೆಯ ಹಿತ್ತಲಲ್ಲಿ ಅದು ಸಿಕ್ಕಿತು. ಆಕೆ ನಲವತ್ತು ವರ್ಷದಿಂದ ಬಟ್ಟೆ ಒಗೆಯುವ ಚಪ್ಪಡಿ. ಅಂಚಿನಲ್ಲಿ ಕೆತ್ತನೆ ಕಂಡು, ಆಕೆಯ ಮಗ ಆಂಜಿ ಮತ್ತು ಅವನ ಸ್ನೇಹಿತರಿಂದ ಮಗುಚಿ ಹಾಕಿಸಿದೆ. ಕೆಳಮುಖದಲ್ಲಿ ಬಿಲ್ಲು ಹಿಡಿದ ವೀರ, ವೀರಗಲ್ಲೇ. ಒಂದು ಮೂಲೆ ಮುಕ್ಕು. ಮೇಲ್ಗಡೆ ಮೂರು ಸಾಲು ಬರಹ. ಎರಡು ಸಾಲು ಪೂರ್ತಿ ಸವೆದಿದ್ದವು. ಸತ್ತವನ ಹೆಸರು ಉಳಿದಿದ್ದರೆ ಮೂರನೆಯದರಲ್ಲೇ ಇರಬೇಕು. ಅದರ ಮೇಲೆ ಗಾರೆ ಕಚ್ಚಿಕೊಂಡಿತ್ತು. ಫೋಟೊ ತೆಗೆದೆ, ಫೋಟೊದಲ್ಲೂ ಬರೀ ಗಾರೆ.

"ದಿನಾ ಎರಡು ಬಿಂದಿಗೆ ನೀರು ಹಾಕಮ್ಮ, ಶುಕ್ರವಾರ ಬರ್ತೀನಿ" ಎಂದು ಹೇಳಿ ಹೊರಟೆ. ಗಾರೆ ನೆನೆಯಲಿ ಎಂಬುದಷ್ಟೇ ನನ್ನ ಉದ್ದೇಶ. ಅದನ್ನು ಹೇಳಲಿಲ್ಲ. ನೀನಾಗಿದ್ದರೆ ಜಗಲಿಯಲ್ಲಿ ಕೂತು, ಕಾಫಿ ಕುಡಿದು, ಎಲ್ಲ ಬಿಡಿಸಿ ಹೇಳಿ ಬರುತ್ತಿದ್ದೆ.

ಶುಕ್ರವಾರ ಹೋದರೆ ಅಲ್ಲಿ ಹೊಸ ಗ್ರಾನೈಟ್ ಹಲಗೆ. ಭಾರತಮ್ಮ ಅದರ ಮೇಲೆ ಬೆಡ್‌ಶೀಟ್ ಕುಕ್ಕುತ್ತಿದ್ದಳು. ಹಳೆಯದೆಲ್ಲಿ ಎಂದೆ.

"ಗಂಗೆಗೆ ಬಿಟ್ಬಂದ್ವಿ ಸಾಮಿ. ಮುಕ್ಕಾದ ದೇವರನ್ನ ಮನೇಲಿ ಮಡಗ್ತಾರಾ?"

"ದೇವರು ಅಂತ ಯಾರಮ್ಮ ಹೇಳಿದ್ದು?"

"ನೀವೇ! ದಿನಾ ನೀರು ಹಾಕು ಅಂದ್ರಿ. ಬರೀ ಕಲ್ಲಿಗೆ ಯಾರಾನಾ ನೀರು ಹಾಕು ಅಂತಾರಾ? ಅಯ್ಯೋ ದೇವುಡಾ, ಸಾಮಿ ಮುಖ ಕೆಳಗ್ಮಾಡಿ ನಲವತ್ತು ವರ್ಷ ಬಟ್ಟೆ ಕುಕ್ಕಿದೀನಿ. ಎರಡು ದಿನ ನಿದ್ದೆ ಬರಲಿಲ್ಲ."

ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು, ಆಂಜಿಯ ಲಗೇಜ್ ಆಟೊದಲ್ಲಿ ಒಯ್ದು, ನೀರು ತುಂಬಿದ ಹಳೇ ಕ್ವಾರಿ ಗುಂಡಿಗೆ ಉರುಳಿಸಿದ್ದಾರೆ. "ಆರು ಜನ ಬೇಕಾಯ್ತು ಸಾರ್. ಎಪ್ಪತ್ತಡಿ ಆಳವಂತೆ, ಶಬ್ದಾನೇ ಬರಲಿಲ್ಲ" ಎಂದ ಆಂಜಿ. ಆ ತಾಯಿ ನನ್ನ ಕೈಗೆ ಕಡಲೆ ಉಸಲಿಯ ಪ್ರಸಾದ ಕೊಟ್ಟಳು. ಅಲ್ಲೇ ನಿಂತು ತಿಂದೆ.

ಮೇಲೆತ್ತಲಾದೀತೇ ಎಂದು ಕ್ರೇನ್ ಇಟ್ಟಿರುವ ಮುನೇಶನನ್ನೂ ಕೇಳಿದೆ. "ಏನ್ ಸಾರ್, ಕ್ವಾರೀಲಿ ಕಲ್ಲು ಹುಡುಕ್ತೀರಾ? ಅಲ್ಲಿ ಇರೋದೆಲ್ಲಾ ಅದೇ ಅಲ್ವಾ!" ಎಂದು ನಕ್ಕ. ಆಮೇಲೆ ಸಮಾಧಾನವಾಗಿ, ತಳದಲ್ಲಿ ಕೆಸರು, ಮುಳುಗೋರೂ ಇಳಿಯಲ್ಲ ಎಂದ. ಹತ್ತು ದಿನ ಅಲೆದು ಬಿಟ್ಟುಬಿಟ್ಟೆ.

ಮನೆಯಲ್ಲಿ ಗಂಗರತ್ನಮ್ಮನವರಿಗೆ ನನ್ನ ನಮಸ್ಕಾರ ತಿಳಿಸು. ಮೊಮ್ಮಗಳು ಶ್ರೀವಾಣಿ ಪರೀಕ್ಷೆ ಚೆನ್ನಾಗಿ ಬರೆಯಲಿ, ದೇವರು ಅವಳನ್ನು ನೂರು ಕಾಲ ಚೆನ್ನಾಗಿಟ್ಟಿರಲಿ.

ನಿನ್ನ
ಮುರಳಿಮೋಹನ್

ಮರೆತು ಬಿಟ್ಟಿದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ಆ ಭಾನುವಾರವೇ ನಿನ್ನನ್ನು ಕರೆಯಬಹುದಿತ್ತು. ನೀನು ಸೋಮವಾರ ಬೆಳಗಿನ ಬಸ್ಸಿಗೇ ಬಂದುಬಿಡುತ್ತಿದ್ದೆ. ಅಷ್ಟೂ ಕಲ್ಲುಗಳನ್ನು ಓದಿದವನು ನೀನು. ನೀನು ಓದಿದ್ದನ್ನು ಪತ್ರಿಕೆಗೆ ಬರೆದವನು ನಾನು. ಒಂದನ್ನಾದರೂ ನಾನೇ ಓದಬೇಕು ಅನ್ನಿಸಿತು ಕಣೋ. ಗಾರೆ ನೆನೆಯಲು ಒಂದು ದಿನ ಸಾಕಾಗಿತ್ತು. ಉಳಿದ ನಾಲ್ಕು ದಿನ ನಾನು ಮನೆಯಲ್ಲಿ ಕೂತು ಹಳೆಯ ಅಕ್ಷರಗಳನ್ನು ಸ್ಲೇಟಿನ ಮೇಲೆ ತಿದ್ದುತ್ತಿದ್ದೆ.